ಸುಲ್ತಾನನ ಕಾಲು

ನಮ್ಮ ಬ್ಯಾರಿ ಮನೆಗಳಲ್ಲಿ ಹಾವಿನ ಮಾತು ಬಂದರೆ ಕತೆ ಎರಡೇ ರೀತಿಯಲ್ಲಿ ಮುಗಿಯುತ್ತದೆ. ಒಂದೋ ‘ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾ’. ಇಲ್ಲವೇ ‘ಆಯುಸ್ಸು ಅಷ್ಟೇ ಇತ್ತು’. ಜೀವ ಉಳಿದವನ ಕಾಲು ಏನಾಯಿತು, ಅವನು ಎಷ್ಟು ತಿಂಗಳು ಮಲಗಿದ, ಮತ್ತೆ ತೋಟಕ್ಕೆ ಇಳಿದನೇ, ಗಾಯ ತೊಳೆದವರು ಯಾರು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಾನು ಬರೆಯಲು ಹೊರಟಿರುವುದು ಆ ನಂತರದ ದಿನಗಳ ಬಗ್ಗೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡುವ ಅವಕಾಶ ನನಗೆ ಸಿಕ್ಕಿದ್ದು ಒಂದು ಕುದುರೆಯ ದೆಸೆಯಿಂದ.

ಬ್ಯಾರಿಗಳಿಗೂ ಕುದುರೆಗೂ ಏನು ಸಂಬಂಧ ಎಂದು ಕೇಳಬೇಡಿ. ‘ಬ್ಯಾರ’ ಅಂದರೆ ವ್ಯಾಪಾರ, ನಮ್ಮ ಹೆಸರು ಬಂದದ್ದೇ ಅದರಿಂದ ಎಂದು ಹೆಚ್ಚಿನವರು ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಅರಬರ ಹಡಗುಗಳು ಈ ಪಡುಕರಾವಳಿಯ ಬಂದರುಗಳಿಗೆ ಇಳಿಸುತ್ತಿದ್ದ ಸರಕುಗಳಲ್ಲಿ ದೊಡ್ಡದು ಕುದುರೆಯೇ. ಅಷ್ಟೆಲ್ಲ ಕುದುರೆ ಯಾಕೆ ಬೇಕಾಗುತ್ತಿತ್ತು ಎಂಬುದಕ್ಕೂ ಒಂದು ಕಾರಣವಿದೆ. ತಂದ ಕುದುರೆಗಳನ್ನು ಸಾಕುವುದು ಗೊತ್ತಿಲ್ಲದೆ ಇಲ್ಲಿನವರು ಬಹಳಷ್ಟನ್ನು ಸಾಯಿಸುತ್ತಾರೆ ಎಂದು ಮಾರ್ಕೊ ಪೋಲೊ ಆಚೆ ಮಬಾರ್ ಕರಾವಳಿಯ ಬಗ್ಗೆ ಬರೆದಿದ್ದಾನೆ. ನಮ್ಮ ಈ ಕಡಲ ಬದಿಯ ಸೆಕೆ, ಮಳೆ, ಕೆಸರು ಕುದುರೆಗೆ ಹೇಳಿಸಿದ್ದಲ್ಲ. ಆದರೂ ಈಗ ಮಂಜೇಶ್ವರ, ಉಪ್ಪಳದ ಕಡೆ ಕೆಲವು ಹುಡುಗರು ಮತ್ತೆ ಕುದುರೆ ಸಾಕುತ್ತಿದ್ದಾರೆ. ಮದುವೆಗೆ ಮದುಮಗ ಕುದುರೆ ಏರಿ ಬರಬೇಕೆಂಬ ಆಸೆ ಈಗ ಹೆಚ್ಚಾಗಿದೆ.

ನನ್ನ ಮಾಮನ ಮಗನೂ ಅಂಥವರಲ್ಲಿ ಒಬ್ಬ. ನನಗಿಂತ ಎರಡು ವರ್ಷ ಚಿಕ್ಕವ. ಗಲ್ಫಿನ ಕೆಲಸ ಹೋಗಿ ಊರಿಗೆ ಬಂದವನು, ಉಳಿದ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಒಂದು ಕಂದು ಬಣ್ಣದ ಕುದುರೆ ತಂದ. ಹೆಸರು ಸುಲ್ತಾನ್. ಮದುವೆ ಸೀಸನ್ನಿನಲ್ಲಿ ಬಾಡಿಗೆ, ಭಾನುವಾರ ಕಡಲ ಬದಿಯಲ್ಲಿ ಮಕ್ಕಳ ಸವಾರಿ. ಮಾಮನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ. ‘ಆಡು ಸಾಕಿದರೆ ಹಾಲಾದರೂ ಸಿಗುತ್ತಿತ್ತು’ ಎಂದು ದಿನಾ ಗೊಣಗುತ್ತಿದ್ದರು.

ಮಾಮ ಟೈಲರ್. ನಮ್ಮ ಬಾಪನ ಜಿನಸಿ ಅಂಗಡಿಯ ಜಗಲಿಯಲ್ಲಿ ಅವರ ಹೊಲಿಗೆ ಮಿಷನ್ ಇದೆ. ಅವರಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಬಲಗಾಲೊಂದರಲ್ಲೇ ಪೆಡಲ್ ತುಳಿಯುತ್ತಾರೆ. ನಾನು ಹುಟ್ಟುವ ಮೊದಲೇ ಹೋದ ಕಾಲು ಅದು. ಹಾವು ಕಚ್ಚಿ ಹೋಯಿತು ಎಂದಷ್ಟೇ ನಮಗೆ ಗೊತ್ತಿತ್ತು.

ಅಕ್ಟೋಬರದ ಒಂದು ಸಂಜೆ, ಮಗ್ರಿಬಿನ ಬಾಂಗ್ ಆಗಿ ಸ್ವಲ್ಪ ಹೊತ್ತು. ಕುದುರೆ ಲಾಯದ ಪಕ್ಕದಲ್ಲಿ ಬೈಹುಲ್ಲಿನ ರಾಶಿ. ಅದರ ಹತ್ತಿರ ಪ್ರೆಶರ್ ಕುಕ್ಕರಿನ ಸೀಟಿ ಬಿಟ್ಟ ಹಾಗೆ ಸದ್ದು ಬಂತಂತೆ. ಸುಲ್ತಾನ್ ಹಿಂದಕ್ಕೆ ಹಾರಿತು. ಮಾಮನ ಮಗ ಟಾರ್ಚ್ ಹಿಡಿದು ನೋಡಿದರೆ ಕೊಳಕುಮಂಡಲ. ಮಲಯಾಳದವರು ಇದನ್ನು ಅಣಲಿ ಅನ್ನುತ್ತಾರೆ, ಚೇನತ್ತಂಡನ್ ಎಂಬ ಹೆಸರೂ ಉಂಟು. ಸುವರ್ಣಗೆಡ್ಡೆಯ ದಂಟಿನ ಮೇಲಿನ ಮಚ್ಚೆಗಳನ್ನು ನೋಡಿದವರಿಗೆ ಆ ಹೆಸರು ಯಾಕೆ ಎಂದು ಬೇರೆ ಹೇಳಬೇಕಿಲ್ಲ. ಕುದುರೆಯ ಎಡ ಮುಂಗಾಲಿನಲ್ಲಿ, ಗೊರಸಿನ ಮೇಲಿನ ಗೆಣ್ಣಿಗಿಂತ ನಾಲ್ಕು ಬೆರಳು ಮೇಲೆ, ಎರಡು ಚುಕ್ಕೆ. ಅವುಗಳಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ.

ನೆರೆಯವರು ಓಡಿ ಬಂದರು. ಒಬ್ಬರ ಕೈಯಲ್ಲಿ ತೆಂಗಿನ ನಾರಿನ ಹಗ್ಗ. ‘ವಿಷ ಮೇಲೆ ಹೋಗದ ಹಾಗೆ ಮೊಣಕಾಲಿನ ಮೇಲೆ ಬಿಗಿದು ಕಟ್ಟುವ’ ಎಂದರು. ಇನ್ನೊಬ್ಬರು ಬ್ಲೇಡ್ ಕೇಳಿದರು. ಆಗ ಮಾಮ ಊರುಗೋಲು ಹಾಕಿಕೊಂಡು ಅಂಗಳಕ್ಕೆ ಇಳಿದು ಬಂದು ಹಗ್ಗ ಹಿಡಿದವರ ಮುಂದೆ ನಿಂತರಂತೆ. ‘ಹಗ್ಗ ಮುಟ್ಟಿಸಿದರೆ ನೋಡಿ. ನನ್ನ ಕಾಲು ತಿಂದದ್ದು ಹಾವಲ್ಲ, ಹಗ್ಗ’ ಎಂದರಂತೆ. ಎಂದೂ ದನಿ ಎತ್ತದ ಮನುಷ್ಯ. ಎಲ್ಲರೂ ಸುಮ್ಮನಾದರು.

ನಾನು ಮಂಗಳೂರಿನಲ್ಲಿ ಒಂದು ಐಸ್ ಪ್ಲಾಂಟಿನ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆ ಹೊತ್ತಿಗೆ ಕೆಲಸ ಮುಗಿಸಿ ಹೊರಡುವುದರಲ್ಲಿದ್ದೆ. ಫೋನ್ ಬಂತು. ಮೃಗಾಸ್ಪತ್ರೆಯ ಡಾಕ್ಟರ್ ಲಾಯಕ್ಕೆ ಹೊರಟಿದ್ದಾರೆ, ಆದರೆ ಅವರ ಹತ್ತಿರ ವಿಷದ ಔಷಧ ಸಾಕಷ್ಟು ಇಲ್ಲ. ಅವರು ವಾಟ್ಸಾಪಿನಲ್ಲಿ ಚೀಟಿ ಕಳಿಸಿದರು, ನಾನು ಮೆಡಿಕಲ್ ಶಾಪುಗಳನ್ನು ಹುಡುಕಿದೆ. ಹಾವಿನ ವಿಷಕ್ಕೆ ಪ್ರಾಣಿಗೆ ಬೇರೆ, ಮನುಷ್ಯರಿಗೆ ಬೇರೆ ಔಷಧ ನಮ್ಮಲ್ಲಿಲ್ಲ. ಒಂದೇ ಬಾಟಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಸೇರಿಸಿ ಮಾಡಿದ್ದು. ಎರಡು ಅಂಗಡಿಗಳಲ್ಲಿ ಸೇರಿ ಹತ್ತು ಬಾಟಲಿ ಸಿಕ್ಕಿತು. ತಲಪಾಡಿ ದಾಟಿ ಮನೆ ಮುಟ್ಟುವಾಗ ಗಂಟೆ ಒಂಬತ್ತು.

ಡಾಕ್ಟರ್ ಒಬ್ಬರು ಹೆಂಗಸು, ಚಿಕ್ಕ ಪ್ರಾಯದವರು. ಬಂದ ಕೂಡಲೇ ಹೇಳಿದ ಮಾತು, ‘ನಡೆಸಬೇಡಿ. ಇದ್ದಲ್ಲೇ ನಿಲ್ಲಲಿ.’ ನಡೆದಷ್ಟೂ ಸ್ನಾಯುಗಳು ಪಂಪಿನ ಹಾಗೆ ವಿಷವನ್ನು ಮೇಲಕ್ಕೆ ತಳ್ಳುತ್ತವೆ. ಆಮೇಲೆ ಕುದುರೆಯ ಕುತ್ತಿಗೆಯ ನರದಿಂದ ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ ಇಟ್ಟರು. ಗಾಜೇ ಆಗಬೇಕು, ಪ್ಲಾಸ್ಟಿಕ್ ಆಗದು. ರಕ್ತ ಹೆಪ್ಪುಗಟ್ಟುವ ಕೆಲಸ ಶುರುವಾಗುವುದು ಗಾಜಿಗೆ ತಾಗಿದಾಗ. 20 ನಿಮಿಷ ಬಿಟ್ಟು ಟ್ಯೂಬ್ ಓರೆ ಮಾಡಿದರು. ರಕ್ತ ನೀರಿನ ಹಾಗೆ ಹರಿಯಿತು. ಮತ್ತೆ ಅರ್ಧ ಗಂಟೆ ಬಿಟ್ಟು ನೋಡಿದಾಗಲೂ ಹಾಗೆಯೇ. ಕೊಳಕುಮಂಡಲದ ವಿಷ ರಕ್ತದೊಳಗೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಬೇರೆ ಮಿಷನ್ ಬೇಕಾಗಲಿಲ್ಲ. ಲಕ್ಷಗಟ್ಟಲೆ ಬೆಲೆಯ ಮೀಟರುಗಳ ನಡುವೆ ಕೆಲಸ ಮಾಡುವ ನನಗೆ ಇಷ್ಟು ಸರಳವಾದ ಟೆಸ್ಟ್ ನೋಡಿ ಗೌರವ ಬಂತು. ದೊಡ್ಡ ಆಸ್ಪತ್ರೆಗಳಲ್ಲಿ ಮನುಷ್ಯರಿಗೂ ಮಾಡುವುದು ಇದನ್ನೇ.

ನಾನು ಕೇಳಿದೆ, ‘ಮನುಷ್ಯನಿಗೆ ಹತ್ತು ಬಾಟಲಿಯಾದರೆ ಇಷ್ಟು ದೊಡ್ಡ ಪ್ರಾಣಿಗೆ ಐವತ್ತು ಬೇಡವೇ ಡಾಕ್ಟ್ರೇ?’ ಟೇಪಿನಿಂದ ಎದೆಯ ಸುತ್ತಳತೆಯನ್ನೂ ಮೈಯ ಉದ್ದವನ್ನೂ ಅಳೆದು ತೂಕ ಲೆಕ್ಕ ಹಾಕಿದ್ದೆವು, 350 ಕಿಲೋ ಹತ್ತಿರ ಬಂದಿತ್ತು. ಅವರು ಹೇಳಿದ ಉತ್ತರವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಈ ಔಷಧದ ಲೆಕ್ಕ ಕಚ್ಚಿಸಿಕೊಂಡವನ ತೂಕದ ಮೇಲಲ್ಲ, ಹಾವು ಬಿಟ್ಟ ವಿಷದ ಮೇಲೆ. ಕೊಳಕುಮಂಡಲ ಒಮ್ಮೆಗೆ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ. 10 ಮಿಲಿಲೀಟರಿನ ಒಂದು ಬಾಟಲಿ ಸುಮಾರು 6 ಮಿಲಿಗ್ರಾಂ ವಿಷವನ್ನು ಹೊಡೆದುಹಾಕುತ್ತದೆ. ಹಾಗಾಗಿ ಶುರುವಿಗೆ ಹತ್ತು ಬಾಟಲಿ. ಅದೇ ಕಾರಣಕ್ಕೆ ಮೂರು ವರ್ಷದ ಮಗುವಿಗೂ ದೊಡ್ಡವರಿಗೆ ಕೊಟ್ಟಷ್ಟೇ ಕೊಡಬೇಕು. ‘ಮಗು ಅಲ್ಲವೇ, ಕಡಿಮೆ ಕೊಡಿ’ ಎಂದು ಯಾರೂ ಹೇಳಬಾರದು. ಮಗುವಿನ ಸಣ್ಣ ದೇಹದಲ್ಲಿ ಅಷ್ಟೇ ವಿಷ ಹೆಚ್ಚು ಗಟ್ಟಿಯಾಗಿರುತ್ತದೆ, ದೊಡ್ಡ ಕುದುರೆಯಲ್ಲಿ ತೆಳುವಾಗುತ್ತದೆ. ಸುಲ್ತಾನನಿಗೆ ಅದರ ಗಾತ್ರವೇ ಮೊದಲ ಸಹಾಯ ಆಯಿತು.

ಇನ್ನೊಂದು ಪುಣ್ಯ, ಕಚ್ಚಿದ್ದು ಕಾಲಿಗೆ. ಕುದುರೆ ಮನುಷ್ಯರ ಹಾಗೆ ಬಾಯಿಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ಹುಲ್ಲು ಮೇಯುವಾಗ ಮೂಗಿಗೆ ಕಚ್ಚಿ ಊದಿಕೊಂಡರೆ ವಿಷಕ್ಕಿಂತ ಮೊದಲು ಉಸಿರು ಕಟ್ಟಿಯೇ ಸಾಯಬಹುದು. ಕಾಲಿಗೆ ಕಚ್ಚಿದರೆ ಸಮಯ ಸಿಗುತ್ತದೆ. ಆದರೆ ಕಾಲಿಗೆ ಕಚ್ಚಿದರೆ ಕಷ್ಟ ಶುರುವಾಗುವುದು ಆಮೇಲೆ.

ಔಷಧವನ್ನು ಸಲೈನಿನಲ್ಲಿ ಕರಗಿಸಿ ಕುತ್ತಿಗೆಯ ನರಕ್ಕೆ ನಿಧಾನ ಹನಿಸಿದರು. ಮನುಷ್ಯರಲ್ಲಿ ಕೆಲವರಿಗೆ ಈ ಔಷಧದಿಂದಲೇ ಮೈ ತುರಿಕೆ, ಉಸಿರಾಟದ ತೊಂದರೆ ಬರುವುದುಂಟು, ಯಾಕೆಂದರೆ ಅದು ಕುದುರೆಯ ರಕ್ತದಿಂದ ತಯಾರಾದದ್ದು. ಡಾಕ್ಟರ್ ಅಡ್ರಿನಾಲಿನ್ ತಯಾರಾಗಿ ಇಟ್ಟುಕೊಂಡಿದ್ದರೂ, ‘ಕುದುರೆಗೆ ಕುದುರೆಯದ್ದೇ ಅಲ್ಲವೇ, ಅಷ್ಟು ಹೆದರಿಕೆಯಿಲ್ಲ’ ಎಂದು ನಕ್ಕರು.

ಆ ರಾತ್ರಿ ಕೂತಲ್ಲೇ ನಾನು ಆ ಬಾಟಲಿಯ ಬಗ್ಗೆ ಓದಿದೆ. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಎಂಬ ವಿಜ್ಞಾನಿ 1890ರ ದಶಕದಲ್ಲಿ ಮೊದಲು ಮಾಡಿದ ಕ್ರಮವೇ ಮೂಲದಲ್ಲಿ ಇವತ್ತಿಗೂ ನಡೆಯುತ್ತಿದೆ. ಹಾವಿನ ವಿಷವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ, ವಾರ ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಕುದುರೆಯ ರಕ್ತ ವಿಷಕ್ಕೆ ಎದುರು ನಿಲ್ಲಲು ಕಲಿಯುತ್ತದೆ. ಆಗ ಆ ರಕ್ತ ತೆಗೆದು ಅದರ ನೀರಿನಂಶದಿಂದ ಔಷಧ ಬೇರ್ಪಡಿಸುತ್ತಾರೆ. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಂಥ ಹಳೆಯ ಕಡೆಗಳಲ್ಲಿ ತಲೆಮಾರುಗಳಿಂದ ಇದು ನಡೆದು ಬಂದಿದೆ. ಬೇಕಾದ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಹತ್ತಿರ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಅಂದರೆ ನಮ್ಮ ತೋಟದಲ್ಲಿ ಒಬ್ಬನಿಗೆ ಹಾವು ಕಚ್ಚಿದರೆ, ಎಲ್ಲಿಯೋ ಒಬ್ಬ ಇರುಳ ಬರಿಗೈಯಲ್ಲಿ ಹಾವು ಹಿಡಿದಿರುತ್ತಾನೆ, ಎಲ್ಲಿಯೋ ಒಂದು ಕುದುರೆ ನಮಗಿಂತ ಮೊದಲೇ ಆ ವಿಷ ಸಹಿಸಿರುತ್ತದೆ. ಅವರಿಬ್ಬರ ಋಣ ನಮ್ಮ ಮೇಲಿದೆ ಎಂದು ನನಗೆ ಅನ್ನಿಸಿತು.

ಬೆಳಗಿನ ಜಾವ ಮತ್ತೆ ರಕ್ತ ಪರೀಕ್ಷೆ. ಔಷಧ ಕೊಟ್ಟು ಆರು ಗಂಟೆಯಾದ ಮೇಲೆ ನೋಡುವುದು ಕ್ರಮ. ಹೆಪ್ಪುಗಟ್ಟುವುದಕ್ಕೆ ಬೇಕಾದ ಅಂಶಗಳನ್ನು ಲಿವರ್ ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಈ ಸಲ ಟ್ಯೂಬಿನಲ್ಲಿ ರಕ್ತ ಅರೆಬರೆ ಗಟ್ಟಿಯಾಗಿತ್ತು. ಮತ್ತೆ ಐದು ಬಾಟಲಿ ತರಿಸಿ ಕೊಟ್ಟರು. ಆ ದಿನ ಸಂಜೆ ಟ್ಯೂಬ್ ತಲೆಕೆಳಗೆ ಮಾಡಿದರೂ ರಕ್ತ ಬೀಳಲಿಲ್ಲ. ಅಲ್ಲಿಯವರೆಗೆ ಮಾಂಸಕ್ಕೆ ಒಂದೇ ಒಂದು ಇಂಜೆಕ್ಷನ್ ಕೊಡಲಿಲ್ಲ. ಹೆಪ್ಪುಗಟ್ಟದ ರಕ್ತವಿರುವಾಗ ಚುಚ್ಚಿದಲ್ಲೆಲ್ಲ ಒಳಗೇ ರಕ್ತ ಸೋರುತ್ತದೆ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುವ ರೋಗ, ಅದರ ಚುಚ್ಚುಮದ್ದು ಕೂಡ ಆಮೇಲೆಯೇ. ಎರಡು ದಿನ ಮೂತ್ರ ಕಡು ಚಹಾದ ಬಣ್ಣ ಇತ್ತು. ಕೊಳಕುಮಂಡಲದ ವಿಷ ಕಿಡ್ನಿಗೆ ಪೆಟ್ಟು ಕೊಡುವುದು ಹೆಚ್ಚು. ಸಲೈನ್ ಮೇಲೆ ಸಲೈನ್ ಹೋಯಿತು. ಮೂರನೇ ದಿನ ಬಣ್ಣ ತಿಳಿಯಾಯಿತು.

ಬಾಪ ಅಂಗಡಿಯಿಂದ ಒಂದು ಹೊಸ ಲೆಕ್ಕದ ಪುಸ್ತಕ ಕೊಟ್ಟರು. ಬಾಕಿ ಬರೆಯುವ ಉದ್ದ ಪುಸ್ತಕ. ಅದರಲ್ಲಿ ನಾನು ಗೆರೆ ಹಾಕಿದೆ. ಗಂಟೆ, ಜ್ವರ, ನಾಡಿ, ಉಸಿರು, ಮೂತ್ರ, ತಿಂದದ್ದು, ಕಾಲಿನ ಸುತ್ತಳತೆ. ಆರೋಗ್ಯದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈ ಬಿಸಿ 37.5ರಿಂದ 38.5 ಡಿಗ್ರಿ. ಮೊದಲ ರಾತ್ರಿ ನಾಡಿ 72 ಇತ್ತು. ನಾಲ್ಕನೇ ದಿನ 44ಕ್ಕೆ ಇಳಿಯಿತು. ಕಾಲಿನ ಅಳತೆ ಮಾತ್ರ ಇಳಿಯಲಿಲ್ಲ. ಮಾಮನ ಹೊಲಿಗೆ ಟೇಪಿನಲ್ಲಿ ಅಳೆದರೆ ಒಳ್ಳೆಯ ಕಾಲು 18 ಸೆಂಟಿಮೀಟರ್, ಕಚ್ಚಿದ ಕಾಲು 27. ಬಾವು ಮೊಣಕಾಲು ದಾಟಿ ಮೇಲೆ ಏರಿತ್ತು. ಐದನೇ ದಿನ ಕಚ್ಚಿದ ಜಾಗ ಕಪ್ಪಾಯಿತು. ಎಂಟನೇ ದಿನ ಅಂಗೈ ಅಗಲದ ಚರ್ಮ ಕಳಚಿ ಬಂತು.

ಮಾಮ ತಮ್ಮ ಕತೆ ಹೇಳಿದ್ದು ಆ ದಿನ. ಲಾಯದ ಹೊರಗೆ ಕುರ್ಚಿ ಹಾಕಿ ಕೂತಿದ್ದರು, ನಾನು ಬಕೆಟಿನಲ್ಲಿ ಉಪ್ಪುನೀರು ಆರಿಸುತ್ತಿದ್ದೆ.

‘ನನಗೆ ಆಗ ಹನ್ನೊಂದು ವರ್ಷ ಮೋನೇ’ ಎಂದರು. ಗದ್ದೆಯ ಬದುವಿನಲ್ಲಿ ಹುಲ್ಲು ತರಲು ಹೋದಾಗ ಹಿಮ್ಮಡಿಗೆ ಕಚ್ಚಿತ್ತು. ಯಾರೋ ಮೊಣಕಾಲಿನ ಕೆಳಗೆ ಬಾಳೆನಾರಿನಿಂದ ಕಟ್ಟಿದರು, ಇನ್ನೊಬ್ಬರು ಅದರ ಮೇಲೆ ಹಗ್ಗ ಬಿಗಿದರು. ವಿಷ ಇಳಿಸುವವರ ಮನೆಗೆ ಹೊತ್ತುಕೊಂಡು ಹೋದರು. ರಾತ್ರಿಯಿಡೀ ಅಲ್ಲಿಯೇ. ಕಾಲು ಮರಗಟ್ಟಿತು. ನೋವಿಲ್ಲ ಎಂದಾಗ ಎಲ್ಲರೂ ವಿಷ ಇಳಿಯಿತು ಎಂದು ಖುಷಿಪಟ್ಟರು. ಮರುದಿನ ಮಧ್ಯಾಹ್ನ ಮಂಗಳೂರಿನ ಆಸ್ಪತ್ರೆಗೆ ಮುಟ್ಟಿದಾಗ ಹಗ್ಗದ ಕೆಳಗಿನ ಭಾಗ ಕರಿ ಹಿಡಿದಿತ್ತು. ‘ಮದ್ದು ಕೊಟ್ಟರು, ಜೀವ ಉಳಿಯಿತು. ಕಾಲು ಕೊಯ್ದರು. ಹಗ್ಗ ಇಲ್ಲದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಆ ಡಾಕ್ಟರು ಉಮ್ಮನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಕಟ್ಟಿದವರು ಪ್ರೀತಿಯಿಂದಲೇ ಕಟ್ಟಿದ್ದು. ಯಾರ ಹೆಸರೂ ಹೇಳಲಿಲ್ಲ ನಾನು, ಇವತ್ತಿಗೂ.’

ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕರಗಿಸುವ ಜಾತಿಯದು. ಕಟ್ಟಿ ಅದನ್ನು ಒಂದೇ ಕಡೆ ನಿಲ್ಲಿಸಿದರೆ ಅಲ್ಲಿಯೇ ತಿನ್ನುತ್ತದೆ, ಅದರ ಜೊತೆ ರಕ್ತ ಓಡಾಟವೂ ನಿಲ್ಲುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಬಹುದಿತ್ತು. ಓದುವ ಮೊದಲೇ ಮಾಮನ ಖಾಲಿ ಪ್ಯಾಂಟಿನ ಕಾಲು ನನಗೆ ಹೇಳಿತು. ಆ ದಿನದಿಂದ ಸುಲ್ತಾನನ ಗಾಯದ ಕೆಲಸ ಮಾಮ ವಹಿಸಿಕೊಂಡರು. ಬೆಳಿಗ್ಗೆ ಸಂಜೆ ಎರಡು ಹೊತ್ತು ಉಪ್ಪುನೀರಿನಲ್ಲಿ ತೊಳೆಯುವುದು, ಮುಲಾಮು, ಮೆತ್ತೆ, ಬ್ಯಾಂಡೇಜ್. ಟೈಲರಿನ ಕೈ. ಬ್ಯಾಂಡೇಜಿನ ಒಂದೊಂದು ಸುತ್ತೂ ಒಂದೇ ಬಿಗಿ.

ಈಗ ನನ್ನ ಡಿಪ್ಲೊಮಾ ಉಪಯೋಗಕ್ಕೆ ಬಂದ ವಿಷಯ ಹೇಳುತ್ತೇನೆ. ಕುದುರೆ ತನ್ನ ತೂಕದ ಸುಮಾರು 60 ಶೇಕಡ ಮುಂಗಾಲುಗಳ ಮೇಲೆ ಹೊರುತ್ತದೆ. 350 ಕಿಲೋ ಕುದುರೆಗೆ 210 ಕಿಲೋ. ಒಂದೊಂದು ಕಾಲಿಗೆ 105. ಎಡಗಾಲು ಊರದಿದ್ದರೆ ಆ ಹೊರೆಯ ಹೆಚ್ಚಿನ ಪಾಲು ಬಲಗಾಲಿನ ಒಂದೇ ಗೊರಸಿನ ಮೇಲೆ. ಗೊರಸು ಅಂದರೆ ಉಗುರಿನ ಪೆಟ್ಟಿಗೆ. ಅದರೊಳಗೆ ಎಲುಬು ತೆಳುವಾದ ಪದರುಗಳಿಂದ ಗೋಡೆಗೆ ಅಂಟಿಕೊಂಡು ನೇತಾಡುತ್ತಿರುತ್ತದೆ. ಕಾಲು ಎತ್ತಿ ಇಳಿಸಿ ಮಾಡುತ್ತಿದ್ದರೆ ಮಾತ್ರ ಆ ಪದರುಗಳಿಗೆ ರಕ್ತ ಸರಿಯಾಗಿ ಓಡಾಡುತ್ತದೆ. ಹಗಲು ರಾತ್ರಿ ಒಂದೇ ಕಾಲಿನ ಮೇಲೆ ನಿಂತರೆ ಪದರು ಬಿಟ್ಟುಹೋಗಿ ಎಲುಬು ಕೆಳಗೆ ಕುಸಿಯುತ್ತದೆ. ಅಮೆರಿಕದ ಬಾರ್ಬರೊ ಎಂಬ ಹೆಸರಾಂತ ರೇಸ್ ಕುದುರೆ 2006ರಲ್ಲಿ ಹಿಂಗಾಲು ಮುರಿದುಕೊಂಡಿತು. ಮುರಿದ ಕಾಲಿಗೆ ಒಳ್ಳೆಯ ಆಪರೇಷನ್ ಆದರೂ ಒಳ್ಳೆಯ ಕಾಲಿನಲ್ಲಿ ಈ ರೋಗ ಬಂತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಪೆಟ್ಟಾದ ಕಾಲಿಗಿಂತ ಪೆಟ್ಟಾಗದ ಕಾಲಿನ ಮೇಲೆ ಕಣ್ಣಿಡಿ ಎಂದು ಡಾಕ್ಟರ್ ಹೇಳಿದ್ದು ಇದಕ್ಕೇ.

ಬಲಗೊರಸಿನ ಅಡಿಗೆ ಮೆತ್ತನೆಯ ಆಸರೆ ಬೇಕು ಎಂದರು. ನಮ್ಮ ಐಸ್ ಪ್ಲಾಂಟಿನ ಅಂಗಳದಲ್ಲಿ ಮೀನಿನ ಥರ್ಮೊಕೋಲ್ ಪೆಟ್ಟಿಗೆಗಳಿಗೆ ಬರಗಾಲವಿಲ್ಲ. ದಪ್ಪ ಹಾಳೆ ಕತ್ತರಿಸಿ, ಗೊರಸಿನ ಆಕಾರಕ್ಕೆ ಕೊರೆದು, ಅಗಲ ಟೇಪಿನಿಂದ ಸುತ್ತಿದೆವು. ಒಂದು ದಿನದಲ್ಲಿ ಅದು ಒತ್ತಿ ಗೊರಸಿನ ತಳದ ಅಚ್ಚಿಗೆ ಕೂರುತ್ತದೆ. ಅದರ ಮೇಲೆ ಇನ್ನೊಂದು ಹೊಸ ಪದರು. ಮೂರು ದಿನಕ್ಕೊಮ್ಮೆ ಬದಲು. ನೆಲಕ್ಕೆ ಒಂದಡಿ ದಪ್ಪ ಹೊಳೆಮರಳು ಹಾಕಿದೆವು. ಜಿಐ ಪೈಪಿನಿಂದ ಒಂದು ಕಟಾಂಜನ ಮಾಡಿ, ಅದಕ್ಕೆ ಗೋಣಿ ಮತ್ತು ಹಳೆಯ ಹಾಸಿಗೆಯ ಸ್ಪಂಜು ಸುತ್ತಿ, ಕುದುರೆ ಬೇಕೆಂದಾಗ ಮೈ ಒರಗಿಸಿ ನಿಲ್ಲುವ ಹಾಗೆ ನಿಲ್ಲಿಸಿದೆ. ದಿನಾ ಬೆಳಿಗ್ಗೆ ಬಲಗೊರಸಿಗೆ ಅಂಗೈ ಇಟ್ಟು ಬಿಸಿ ನೋಡುವುದು, ಗೆಣ್ಣಿನ ಹಿಂದೆ ನಾಡಿ ಜೋರಾಗಿದೆಯೇ ನೋಡುವುದು ನನ್ನ ಪಾಲಿನ ಕೆಲಸ. ಅದನ್ನೂ ಬಾಪನ ಪುಸ್ತಕದಲ್ಲಿ ಬರೆದೆ.

ಕುದುರೆಯ ಕಾಲುಗಳಲ್ಲಿ ನರ ಸ್ನಾಯುಗಳ ಒಂದು ಬೀಗವಿದೆ. ನಿಂತೇ ನಿದ್ದೆ ಮಾಡುವಾಗ ಶ್ರಮವಿಲ್ಲದೆ ನಿಲ್ಲುವ ಉಪಾಯ. ನಮ್ಮ ಯಾವ ಜ್ಯಾಕಿನಲ್ಲೂ ಅಂಥ ಚಂದದ ಲಾಕ್ ಇಲ್ಲ. ಆದರೆ ಗಾಢ ನಿದ್ದೆಗೆ ಅದು ಮಲಗಲೇ ಬೇಕು. ಮೊದಲ ಹನ್ನೆರಡು ದಿನ ಸುಲ್ತಾನ್ ಮಲಗಲೇ ಇಲ್ಲ. ಎದ್ದೇಳಲು ಆಗದು ಎಂಬ ಭಯ ಪ್ರಾಣಿಗೂ ಇರುತ್ತದೆ. ಹದಿಮೂರನೇ ದಿನ ಸುಬಹಿಗೆ ಎದ್ದ ಮಾಮಿ ಬಂದು ಕೂಗಿದರು, ಕುದುರೆ ಬಿದ್ದುಹೋಗಿದೆ ಎಂದು. ಓಡಿ ನೋಡಿದರೆ ಬಿದ್ದದ್ದಲ್ಲ. ಮರಳಿನ ಮೇಲೆ ಕಾಲು ಚಾಚಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಮಾಮಿ ನೀರುದೋಸೆ ಮಾಡಿ ಬಡಿಸಿದರು.

ಎಲ್ಲ ದಿನವೂ ಹಾಗಿರಲಿಲ್ಲ. ಮೂರನೇ ವಾರ ಗಾಯದಿಂದ ಕೆಂಪು ಮಾಂಸ ಚರ್ಮದ ಮಟ್ಟ ಮೀರಿ ಹೂಕೋಸಿನ ಹಾಗೆ ಬೆಳೆಯಿತು. ಕುದುರೆಯ ಕಾಲಿನ ಕೆಳಭಾಗದಲ್ಲಿ ಮಾಂಸವಿಲ್ಲ, ಚರ್ಮ ಬಿಗಿ, ರಕ್ತ ಓಡಾಟ ಕಡಿಮೆ. ಗಾಯ ಮುಚ್ಚುವ ಬದಲು ಹೀಗೆ ಉಕ್ಕುವುದು ಸಾಮಾನ್ಯವಂತೆ. ಡಾಕ್ಟರ್ ಎರಡು ಸಲ ಅದನ್ನು ಕೆತ್ತಿ ಸಮ ಮಾಡಿದರು. ಆ ಮಾಂಸಕ್ಕೆ ನೋವು ಗೊತ್ತಾಗುವುದಿಲ್ಲ, ರಕ್ತ ಮಾತ್ರ ಧಾರಾಳ. ಖರ್ಚು ಏರುತ್ತಾ ಹೋಯಿತು. ಮದುವೆ ಸೀಸನ್ ಶುರುವಾಗಿತ್ತು, ಬುಕ್ಕಿಂಗ್ ಎಲ್ಲ ಕ್ಯಾನ್ಸಲ್. ಸಾಲ ಕೊಟ್ಟವರು ವಿಚಾರಿಸತೊಡಗಿದರು. ‘ಕುಂಟು ಕುದುರೆಗೆ ಯಾಕೆ ಇಷ್ಟು? ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡಿ’ ಎಂದು ಬಂದವರೆಲ್ಲ ಹೇಳಿದರು. ಮಾಮನ ಮಗನೂ ಒಂದು ರಾತ್ರಿ ಸೋತು, ‘ಅದೇ ಸರಿಯೋ ಏನೋ ಉಪ್ಪಾ’ ಎಂದ. ಮಾಮ ಬ್ಯಾಂಡೇಜಿನಿಂದ ತಲೆ ಎತ್ತಲಿಲ್ಲ. ‘ನನ್ನನ್ನು ನೋಡಿಯೂ ಹಾಗೆ ಹೇಳಿದವರಿದ್ದರು. ನಿನ್ನ ಅಜ್ಜಿ ಕೇಳಲಿಲ್ಲ’ ಎಂದಷ್ಟೇ ಹೇಳಿದರು. ಮರುದಿನ ಬಾಪ ಅಂಗಡಿಯಿಂದ ಎರಡು ಮೂಟೆ ಹುರುಳಿ, ಒಂದು ಮೂಟೆ ಬೂಸಾ ಕಳಿಸಿ, ಬಾಕಿ ಪುಸ್ತಕದಲ್ಲಿ ಬರೆಯಲಿಲ್ಲ.

ಐದನೇ ವಾರ ಎಡಗಾಲು ನೆಲಕ್ಕೆ ಪೂರ್ತಿ ಊರಿತು. ಮೊದಲು ದಿನಕ್ಕೆ ಐದು ನಿಮಿಷ ಅಂಗಳದಲ್ಲಿ ನಡೆಸಿದೆವು, ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತಾ ಹೋದೆವು. ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ದಿನಕ್ಕೆ ಕೂದಲೆಳೆಯಷ್ಟು ಒಳಗೆ ಬಂತು. ಗಾಯ ಪೂರಾ ಮುಚ್ಚಿದ್ದು ಜನವರಿಯ ಕೊನೆಗೆ. ಅಕ್ಟೋಬರದಿಂದ ಲೆಕ್ಕ ಹಾಕಿದರೆ ಸುಮಾರು ಮೂರೂವರೆ ತಿಂಗಳು. ವಿಷ ಇಳಿದದ್ದು ಎರಡು ದಿನದಲ್ಲಿ, ಕಾಲು ಬಂದದ್ದು ನೂರು ದಿನದಲ್ಲಿ.

ಪೂರ್ತಿ ಮೊದಲಿನ ಹಾಗೆ ಆಯಿತು ಎಂದು ಹೇಳುವುದಿಲ್ಲ. ಕಚ್ಚಿದ ಜಾಗದಲ್ಲಿ ರೋಮವಿಲ್ಲದ ಕಲೆ ಇದೆ. ಗೆಣ್ಣು ಸ್ವಲ್ಪ ಬಿಗಿ, ಚಳಿಯ ಬೆಳಿಗ್ಗೆ ನಾಲ್ಕು ಹೆಜ್ಜೆ ಕುಂಟುತ್ತದೆ. ಓಡಿಸುವುದಿಲ್ಲ, ಪಟಾಕಿಯ ಮದುವೆಗೆ ಕಳಿಸುವುದಿಲ್ಲ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮರಳಿನಲ್ಲಿ ನಿಧಾನ ನಡೆಯುತ್ತದೆ. ಸಾಲ ಇನ್ನೂ ಸ್ವಲ್ಪ ಉಳಿದಿದೆ.

ಹುಲ್ಲಿನ ರಾಶಿ ಈಗ ಲಾಯದಿಂದ ದೂರ, ಕಲ್ಲು ಹಾಸಿದ ಎತ್ತರದ ಮೇಲಿದೆ. ಹುರುಳಿ, ಬೂಸಾ ಮುಚ್ಚಳದ ಡ್ರಮ್ಮಿನಲ್ಲಿ. ಚೆಲ್ಲಿದ ಕಾಳಿಗೆ ಇಲಿ, ಇಲಿಗೆ ಹಾವು. ಅಂಗಡಿಯವರ ಮಕ್ಕಳಿಗೆ ಇಲಿಯ ದಾರಿ ಹೇಳಿಕೊಡಬೇಕಾಗಿಲ್ಲ. ಆ ಹಾವನ್ನು ಕೊಲ್ಲಲಿಲ್ಲ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನಲ್ಲಿ ತಿಳಿಸಿದರೆ ತರಬೇತಿ ಪಡೆದವರು ಬಂದು ಹಿಡಿದುಕೊಂಡು ಹೋಗುತ್ತಾರೆ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಜಗತ್ತಿನಲ್ಲಿ ಸಾಯುವವರಿಗಿಂತ ಸುಮಾರು ಮೂರು ಪಟ್ಟು ಜನ ಕೈಕಾಲು ಕಳೆದುಕೊಂಡೋ ಬೇರೆ ಊನವಾಗಿಯೋ ಉಳಿಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಜೀವ ಉಳಿಯಿತು’ ಎಂದು ನಾವು ಕತೆ ಮುಗಿಸಿದ ಮೇಲೆ ಬದುಕುವವರು ಅವರು.

ಹಾಗಾಗಿ ಇದನ್ನು ಓದುವ ಮನೆಯವರಿಗೆ ಮಾಮ ಹೇಳಲು ಹೇಳಿದ್ದು ಇಷ್ಟು. ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಐಸ್ ಇಡಬೇಡಿ. ಉಂಗುರ, ಕಾಲ್ಗೆಜ್ಜೆ, ಬಿಗಿ ಬಟ್ಟೆ ಕೂಡಲೇ ತೆಗೆಯಿರಿ. ಎಲುಬು ಮುರಿದಾಗ ಮಾಡುವ ಹಾಗೆ ಹಲಗೆಯೋ ಕೋಲೋ ಇಟ್ಟು ಕೈಕಾಲು ಅಲುಗದ ಹಾಗೆ ನೋಡಿಕೊಳ್ಳಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೊ ಸಿಕ್ಕಿದರೆ ಸಾಕು. ನಮ್ಮ ರಬ್ಬರ್, ಅಡಕೆ ತೋಟಗಳಲ್ಲಿ ಮೂಗು ಮೇಲಕ್ಕೆತ್ತಿದಂತಿರುವ ಸಣ್ಣ ಗುಳಿಮಂಡಲವೊಂದಿದೆ. ಅದರ ವಿಷಕ್ಕೆ ಈ ಔಷಧ ಕೆಲಸ ಮಾಡುವುದಿಲ್ಲ. ಫೋಟೊ ಇದ್ದರೆ ಡಾಕ್ಟರಿಗೆ ಸಹಾಯ. ಓದಿದ ನೀರು ಕುಡಿಸುವ ಮನಸ್ಸಿದ್ದರೆ ಓದುವವರನ್ನೂ ಜೀಪಿನಲ್ಲಿ ಕೂರಿಸಿಕೊಳ್ಳಿ, ಜೀಪು ನಿಲ್ಲುವುದು ಆಸ್ಪತ್ರೆಯ ಬಾಗಿಲಲ್ಲಿರಲಿ.

ಈಗ ಊರಿನಲ್ಲಿ ಯಾರಿಗೆ ಹಾವು ಕಚ್ಚಿದರೂ ಅಂಗಡಿಯ ಜಗಲಿಗೆ ಫೋನ್ ಬರುತ್ತದೆ. ಮಾಮ ಮಿಷನ್ ನಿಲ್ಲಿಸಿ ಮೊದಲು ಕೇಳುವುದು ಯಾವ ಹಾವು ಎಂದಲ್ಲ, ‘ಹಗ್ಗ ಕಟ್ಟಿದ್ದೀರಾ?’ ಎಂದು. ಕಟ್ಟಿದ್ದೇವೆ ಎಂದರೆ, ‘ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ಡಾಕ್ಟರೇ ಬಿಚ್ಚಲಿ, ಬೇಗ ಹೋಗಿ’ ಅನ್ನುತ್ತಾರೆ. ಕಟ್ಟಿಲ್ಲ ಎಂದರೆ, ‘ಒಳ್ಳೆಯದು, ಹೊರಡಿ’ ಎಂದು ಹೇಳಿ ಮತ್ತೆ ಪೆಡಲ್ ತುಳಿಯುತ್ತಾರೆ.